ಚಾಸಿ ಸಂಖ್ಯೆಯಲ್ಲಿ ‘ಓ’ ಅಕ್ಷರವೇ ಇಲ್ಲ

ತುಮಕೂರಿನಲ್ಲಿ ಹಳೆಯ ಮಾರುತಿ ಕಾರು ಕೊಂಡೆ. ವಿಮೆಯನ್ನು ನನ್ನ ಹೆಸರಿಗೆ ಮಾಡಿಸಲು ಹೋದರೆ ಚಾಸಿ ಸಂಖ್ಯೆ ತಾಳೆಯಾಗುತ್ತಿಲ್ಲ ಎಂದರು. ಆರ್‌ಸಿಯಲ್ಲಿ ಸೊನ್ನೆ, ಪಾಲಿಸಿಯಲ್ಲಿ ‘ಓ’ ಅಕ್ಷರ! ಎರಡು ವಾರ ಅಲೆದೆ. ಕೊನೆಗೆ ಬಟವಾಡಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ, ತಗಡಿನಲ್ಲಿ ಕೊರೆದ ಅಂಕಿಗಳ ಮೇಲಿನ ಜಿಡ್ಡನ್ನು ಒರೆಸಿದರು. ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದಂತೆ ಕಪ್ಪಿನ ನಡುವೆ ಒಂದೊಂದೇ ಗುರುತು ಬೆಳ್ಳಗೆ ಮೂಡಿತು.

“ನೋಡಿ ಸರ್, ಮೊದಲಿನ ಎಂಎ3 ಎಂದರೆ ಮಾರುತಿ. ಈ 17 ಗುರುತುಗಳಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದಲ್ಲ! ಇದು ಸೊನ್ನೆಯೇ.”

ಎಷ್ಟು ಸರಳವಾದ ಉತ್ತರ! ಆ ಪೆನ್ಸಿಲ್ ಅಚ್ಚನ್ನು ಆರ್‌ಸಿ ಪ್ರತಿಯೊಂದಿಗೆ ಕೊಟ್ಟೆ; ಮೂರನೆಯ ದಿನ ತಿದ್ದಿದ ಪಾಲಿಸಿ ಕೈಸೇರಿತು.