ಹುಣಸೆ ಬೀಜ ಚೆಲ್ಲಿ ಅರ್ಧಾಯು ಲೆಕ್ಕ ಹಾಕುವುದು ಹೇಗೆ

ಮಂಡ್ಯದ ನಮ್ಮ ಮನೆಯಲ್ಲಿ ಚೌಕಾಬಾರ ಆಡುವಾಗ ಕವಡೆ ಸಿಗದಿದ್ದರೆ ಹುಣಸೆ ಬೀಜವೇ ಗತಿ. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೆ ಆಯ್ತು. ಪಿಯುಸಿ ಓದುವ ಅಕ್ಕನ ಮಗಳು ಮೊನ್ನೆ, "ಮಾವ, ವಿಕಿರಣಶೀಲ ವಸ್ತುವಿನಲ್ಲಿ ಇಂತಿಷ್ಟು ಕಾಲಕ್ಕೆ ಅರ್ಧದಷ್ಟು ಪರಮಾಣು ಕ್ಷಯ ಆಗ್ತವೆ, ಆ ಕಾಲವೇ ಅರ್ಧಾಯು ಅಂತಾರಲ್ಲ, ಯಾವ ಅರ್ಧ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಅದೇ ಬೀಜ ಸಾಕು.

100 ಬೀಜ ಬೇಕು. ಹತ್ತಿಪ್ಪತ್ತರಲ್ಲಿ ಮಾಡಿದರೆ ಲೆಕ್ಕ ಅಡ್ಡಾದಿಡ್ಡಿ ಹೋಗುತ್ತದೆ. ಕಪ್ಪು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೆ ಒಂದೇ ಕಡೆ ಉಜ್ಜಿ. ಬೆರಳ ತುದಿ ಚುರುಕ್ಕೆನ್ನುತ್ತದೆ, ಅದಕ್ಕೇ ಇಬ್ಬರು ಮೂವರು ಕೂತರೆ ಒಳ್ಳೆಯದು. ಒಂದು ಹಿಡಿ ಹುರುಳಿಯೂ ಪಕ್ಕದಲ್ಲಿರಲಿ.

ಈಗ ಪ್ರತಿ ಬೀಜವೂ ಅಯೋಡಿನ್-131 ಎಂಬ ವಿಕಿರಣಶೀಲ ಅಯೋಡಿನ್‌ನ ಒಂದು ಪರಮಾಣು ಅಂದುಕೊಳ್ಳಿ. ಥೈರಾಯ್ಡ್ ಚಿಕಿತ್ಸೆಗೆ ಬಳಸುತ್ತಾರಲ್ಲ, ಅದೇ. ಅದರ ಅರ್ಧಾಯು ಸುಮಾರು 8 ದಿನ, ಹಾಗಾಗಿ ಒಂದು ಸಲ ಚೆಲ್ಲಿದರೆ 8 ದಿನ ಕಳೆದ ಹಾಗೆ. ಎಲ್ಲವನ್ನೂ ಮೊರಕ್ಕೆ ಹಾಕಿ, ಚೆನ್ನಾಗಿ ಕುಲುಕಿ, ಚಾಪೆ ಮೇಲೆ ಚೆಲ್ಲಿ. ಬಿಳಿ ಮೇಲೆ ಬಿದ್ದವು ಕ್ಷಯ ಆದವು. ಅವನ್ನು ತೆಗೆದು, ಒಂದೊಂದರ ಜಾಗಕ್ಕೂ ಒಂದೊಂದು ಹುರುಳಿ ಕಾಳು ಇಡಿ. ಇದನ್ನು ಮರೆಯಬೇಡಿ, ಯಾಕೆಂದರೆ ಕ್ಷಯ ಆದ ಪರಮಾಣು ಮಾಯ ಆಗುವುದಿಲ್ಲ. ನ್ಯೂಕ್ಲಿಯಸ್‌ನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ, ಒಂದು ಎಲೆಕ್ಟ್ರಾನ್ ರಭಸದಿಂದ ಹೊರಗೆ ಹಾರುತ್ತದೆ. ಬೀಟಾ ಕ್ಷಯ ಅಂದರೆ ಇದೇ. 53 ಪ್ರೋಟಾನ್ ಇದ್ದ ಅಯೋಡಿನ್, 54 ಇರುವ ಕ್ಸೆನಾನ್ ಆಗುತ್ತದೆ. ಜೊತೆಗೆ ಸಾಮಾನ್ಯವಾಗಿ ಗಾಮಾ ಕಿರಣವೂ ಬರುತ್ತದೆ.

ಉಳಿದ ಬೀಜ ಎಣಿಸಿ ಬರೆದುಕೊಂಡು ಮತ್ತೆ ಚೆಲ್ಲಿ. ನಮಗೆ 100 ಇದ್ದದ್ದು 52 ಆಯ್ತು, ಆಮೇಲೆ 27, 12, 7. ನಿಮಗೆ ಬೇರೆ ಅಂಕಿ ಬರುತ್ತದೆ. ಉಜ್ಜಿದ ಬೀಜ ಒಂದು ಕಡೆಗೆ ಜಾಸ್ತಿ ವಾಲಿ ಬಿದ್ದು, ಪ್ರತಿ ಸಲ ನೂರಕ್ಕೆ 40ರಷ್ಟು ಪಾಲು ಮಾತ್ರ ಹೋದರೂ ಪರವಾಗಿಲ್ಲ. ಆಗ ಅರ್ಧ ಆಗಲು ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ಚೆಲ್ಲಬೇಕು, ಅಷ್ಟೇ. ಪ್ರತಿ ಸಲ ಹೋಗುವ ಪಾಲು ಹೆಚ್ಚುಕಡಿಮೆ ಒಂದೇ ಇರುತ್ತದೆ ಅನ್ನುವುದೇ ಮುಖ್ಯ.

ನಾಲ್ಕು ಸಲ ಚೆಲ್ಲಿದ ಮೇಲೂ ಉಳಿದ ಆ ಏಳನ್ನು ಕೈಯಲ್ಲಿ ಹಿಡಿದು ನೋಡಿ. ಇವು ಹಳೆಯವಾದವು, ಮುಂದಿನ ಸಲ ಹೋಗೇ ಹೋಗುತ್ತವೆ ಅನಿಸುತ್ತದೆ, ಅಲ್ವಾ? ಇಲ್ಲ. ತೆಂಗಿನ ಗರಿಯಾದರೆ ವಯಸ್ಸಾಗಿ ಒಣಗಿ ಬೀಳುತ್ತದೆ, ಪರಮಾಣುವಿಗೆ ವಯಸ್ಸೇ ಆಗುವುದಿಲ್ಲ. ಮೊದಲ ಸಲ ಎಷ್ಟು ಸಾಧ್ಯತೆ ಇತ್ತೋ ಐದನೇ ಸಲವೂ ಅಷ್ಟೇ. ಅಯೋಡಿನ್ನನ್ನು ಕುದಿಸಿದರೂ ಫ್ರಿಡ್ಜಲ್ಲಿಟ್ಟರೂ ಆ 8 ದಿನ ಬದಲಾಗುವುದಿಲ್ಲ.

ಕಾರ್ಬನ್-14ಕ್ಕೆ ಇದೇ ಆಟ ಆಡಬೇಕಾದರೆ ಒಂದು ಸಲ ಚೆಲ್ಲಿದ್ದಕ್ಕೆ ಸುಮಾರು 5,730 ವರ್ಷ ಅಂತ ಬರೆದುಕೊಳ್ಳಿ. ಯುರೇನಿಯಂ-238ಕ್ಕೆ ಸುಮಾರು 450 ಕೋಟಿ ವರ್ಷ. ಬೀಜ ಅವೇ, ಮೊರ ಅದೇ.

ಅಕ್ಕನ ಮಗಳು ಉಳಿದ ಏಳರಲ್ಲಿ ಒಂದಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಇದು ಹೋಗುತ್ತದೆ ಅಂತ ಪಂಥ ಕಟ್ಟಿದಳು. ಮೂರು ಹೋದವು, ಅದು ಹೋಗಲಿಲ್ಲ.