ಡಬ್ಬಿ ತಂದಿದ್ದೀರಾ? ರಾಯಚೂರು ಸೀಮೆಯಲ್ಲಿ ವಿಷದ ಕೇಸು ನೋಡುವ ಕೆಲಸ

ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬರುವ ಡಾಕ್ಟರಿಗೆ ನಾನು ಮೊದಲು ಕಲಿಸುವುದು ಹಾವಿನ ವಿಷವಲ್ಲ, ಬೆಳೆಗೆ ಹೊಡೆಯುವ ಔಷಧಿಯ ವಿಷ. ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು ಸಿಗುವ ಕಡೆ ಭತ್ತ. ಉಳಿದ ಕಡೆ ಹತ್ತಿ, ತೊಗರಿ, ಮೆಣಸಿನಕಾಯಿ. ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ಗಿಡ ಎದೆಮಟ್ಟ ಬಂದಿರುತ್ತದೆ. ಪಂಪು ಬೆನ್ನಿಗೆ ಹಾಕಿದವನ ಮುಖಕ್ಕೇ ಹನಿ ಬಡಿಯುತ್ತದೆ. ಪಂಪು ಸೋರಿದರೆ ಅಂಗಿ ಬೆನ್ನಿಗೆ ಅಂಟಿ, ಚರ್ಮದಿಂದಲೇ ವಿಷ ಒಳಗೆ ಇಳಿಯುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದ ರೈತರು, ಕೂಲಿಗಳು ಸತ್ತಾಗ ದೇಶಕ್ಕೆಲ್ಲ ಇದು ಸುದ್ದಿಯಾಯಿತು. ನಮಗೆ ಅದು ಹೊಸ ವಿಷಯ ಆಗಿರಲಿಲ್ಲ.

"ಎಣ್ಣಿ ಹೊಡಿಯಾಕ ಹೋಗಿದ್ದ ಸರ, ಬಂದಾಗಿಂದ ಒಂದೇ ಸವನ ವಾಂತಿ" ಅಂತ ಕರೆದುಕೊಂಡು ಬರುತ್ತಾರೆ. ಎಣ್ಣಿ ಅಂದರೆ ಈ ಕಡೆ ಬೆಳೆಗೆ ಹೊಡೆಯುವ ಔಷಧಿ. ಯಾವ ಎಣ್ಣಿ ಅಂದರೆ "ಹತ್ತಿದು" ಅನ್ನುತ್ತಾರೆ. ಅದಕ್ಕೇ ಡಬ್ಬಿ ಕೇಳುತ್ತೇನೆ. ಊರಲ್ಲೇ ಉಳಿದಿದ್ದರೆ ಅದರ ಫೋಟೋ ವಾಟ್ಸಾಪಿಗೆ ಕಳಿಸಲು ಹೇಳುತ್ತೇನೆ. ಡಬ್ಬಿ ಮೇಲಿನ ತ್ರಿಕೋನದ ಬಣ್ಣ ಕೆಂಪು, ಹಳದಿ, ನೀಲಿ, ಹಸಿರು ಅಂತ ವಿಷ ಎಷ್ಟು ಜೋರು ಎಂದು ಹೇಳುತ್ತದೆ. ಆದರೆ ಅದು ಯಾವ ಜಾತಿಯ ವಿಷ ಅಂತ ಹೇಳುವುದಿಲ್ಲ. ನನಗೆ ಬೇಕಾದದ್ದು ಸಣ್ಣ ಅಕ್ಷರದ ರಾಸಾಯನಿಕ ಹೆಸರು. ಪ್ರೊಫೆನೊಫಾಸ್ 40 ಪರ್ಸೆಂಟ್, ಸೈಪರ್‌ಮೆಥ್ರಿನ್ 4 ಪರ್ಸೆಂಟ್ ಅಂತ ಒಂದೇ ಡಬ್ಬಿಯಲ್ಲಿ ಎರಡು ವಿಷ ಇರುವುದೂ ಉಂಟು. ಕಳೆ ಕೊಲ್ಲುವ ಪ್ಯಾರಾಕ್ವಾಟ್ ಆದರೆ ಲೆಕ್ಕವೇ ಬೇರೆ. ಅದಕ್ಕೆ ಪ್ರತಿವಿಷವೇ ಇಲ್ಲ. ಸುಮ್ನೆ ಆಕ್ಸಿಜನ್ ಹಚ್ಚಿದರೆ ಶ್ವಾಸಕೋಶ ಇನ್ನೂ ಜಾಸ್ತಿ ಹಾಳಾಗುತ್ತದೆ.

ಡಬ್ಬಿ ಬರುವ ತನಕ ಕೈಕಟ್ಟಿ ಕೂರುವುದಿಲ್ಲ. ಪ್ರೊಫೆನೊಫಾಸ್ ಸೇರಿರುವ ಆರ್ಗನೊಫಾಸ್ಫೇಟ್ ಜಾತಿಯ ವಿಷ ತನ್ನ ಗುರುತು ತಾನೇ ಕೊಡುತ್ತದೆ. ಕಣ್ಣಿನ ಪಾಪೆ ಗುಂಡುಸೂಜಿ ತುದಿಯಷ್ಟಾಗಿರುತ್ತದೆ. ಜೊಲ್ಲು, ಕಣ್ಣೀರು, ಬೆವರು ನಿಲ್ಲುವುದಿಲ್ಲ. ಮಾಂಸಖಂಡ ಚರ್ಮದ ಕೆಳಗೆ ಅದುರುತ್ತದೆ. ನರದಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ಪದಾರ್ಥವನ್ನು ಕೆಲಸ ಮುಗಿದ ತಕ್ಷಣ ಒಡೆದು ಹಾಕಲು ದೇಹದಲ್ಲಿ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಇದೆ. ವಿಷ ಹೋಗಿ ಹಿಡಿಯುವುದು ಆ ಕಿಣ್ವವನ್ನು. ಆಮೇಲೆ ದೇಹದ ಸ್ಥಿತಿ ಗೇಟ್ ಇಳಿಸುವವನೇ ಇಲ್ಲದ ಕಾಲುವೆಯಂತೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಜೀವ ಹೋಗುವುದು ಬಹುಪಾಲು ಉಸಿರು ಕಟ್ಟಿ.

ಆದ್ದರಿಂದ ಮೊದಲು ಉಸಿರಾಟ ನೋಡಿ ಅಟ್ರೋಪಿನ್, ಅಂದರೆ ಅಸಿಟೈಲ್‌ಕೋಲಿನ್ ಹಾವಳಿ ತಡೆಯುವ ಇಂಜೆಕ್ಷನ್. ಅದರ ಜೊತೆಜೊತೆಗೇ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ. ತಲೆಗೂದಲು, ಉಗುರಿನ ಸಂದಿ ಬಿಡಬಾರದು. ತೊಳೆಯುವವರಿಗೆ ಗ್ಲೌಸ್ ಬೇಕೇಬೇಕು. ನಮ್ಮಲ್ಲಿ ಅಟ್ರೋಪಿನ್ ಆಂಪೂಲ್ ಒಂದಕ್ಕೆ 0.6 ಮಿಲಿಗ್ರಾಂ. ದೊಡ್ಡವರಿಗೆ ಮೂರು ಆಂಪೂಲಿನಿಂದ ಶುರುಮಾಡಿ, ಐದು ನಿಮಿಷ ನೋಡಿ, ಸಾಲದಿದ್ದರೆ ದುಪ್ಪಟ್ಟು ಮಾಡುತ್ತಾ ಹೋಗುತ್ತೇವೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಕಸುಬು. ಹೊಸಬರು ಟಾರ್ಚ್ ಹಿಡಿದು ಪಾಪೆಯನ್ನೇ ನೋಡುತ್ತಿರುತ್ತಾರೆ. ನಾನು ಸ್ಟೆತ್ ಎದೆಗೆ ಇಡಲು ಹೇಳುತ್ತೇನೆ. ಎದೆಯ ಗೊರಗೊರ ನಿಂತು, ಕಂಕುಳು ಒಣಗಿ, ನಾಡಿ 80 ದಾಟಿ, ಬಿಪಿ ಮೇಲಿನ ಅಂಕಿಯೂ 80ರ ಮೇಲೆ ನಿಂತರೆ ಸಾಕು. ಅದಕ್ಕೂ ಮುಂದೆ ಹೋದರೆ ರೋಗಿಗೆ ಜ್ವರ ಏರಿ, ಮೂತ್ರ ಕಟ್ಟಿ, ಇಲ್ಲದ್ದನ್ನು ಹಿಡಿಯಲು ಹೋಗುತ್ತಾನೆ. ಮನೆಯವರು "ಗಾಳಿ ಸೋಕೇತಿ" ಅಂತ ಹೆದರುತ್ತಾರೆ. ವಿಷ ಹಿಡಿದ ಕಿಣ್ವವನ್ನು ಬಿಡಿಸಲು ಕೊಡುವ ಪ್ರಾಲಿಡಾಕ್ಸಿಮ್ ಎಂಬ ಔಷಧಿಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ನಾನಂತೂ ಅದಕ್ಕಾಗಿ ಅಟ್ರೋಪಿನ್ ತಡ ಮಾಡುವುದಿಲ್ಲ.

ಇನ್ನೊಂದು ಪಾಠವೂ ಶ್ರೀಲಂಕಾದ್ದೇ. ಎಲ್ಲ ಸರಿಹೋಯ್ತು ಅಂದುಕೊಂಡ ರೋಗಿಗೆ ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಉಸಿರಾಟದ ಮಾಂಸಖಂಡ ಸೋತುಹೋಗಬಹುದು ಅಂತ 1987ರಲ್ಲಿ ಅಲ್ಲಿನ ವೈದ್ಯರು ಬರೆದರು. ಅದಕ್ಕೇ ರೌಂಡ್ಸಿನಲ್ಲಿ ಪ್ರತಿ ಸಲ "ಯಜಮಾನ್ರ, ದಿಂಬಿನಿಂದ ತಲಿ ಎತ್ರಿ ನೋಡೂಣು" ಅನ್ನುತ್ತೇನೆ. ಎತ್ತಲು ಆಗದಿದ್ದರೆ ವೆಂಟಿಲೇಟರ್ ಬೇಕಾದೀತು ಅಂತಲೇ ಅರ್ಥ. ತಡ ಮಾಡದೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಆಂಬುಲೆನ್ಸ್ ಹೊರಡಬೇಕು.

ಬೇಕಂತಲೇ ಕುಡಿದವರೂ ಬರುತ್ತಾರೆ. ಪೊಲೀಸ್ ಕೇಸಾಗುತ್ತದೆ ಅಂತ ಮನೆಯವರು "ಹೊಡಿಯಾಕ ಹೋದಾಗ ಆತು" ಅನ್ನುತ್ತಾರೆ. ಹೊಟ್ಟೆಗೆ ಹೋಗಿದೆಯೋ ಮೈಗೆ ಬಿದ್ದಿದೆಯೋ ಅಂತ ಗೊತ್ತಾಗದಿದ್ದರೆ ಚಿಕಿತ್ಸೆ ದಾರಿ ತಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಎಂದೇ ಭಾವಿಸಿ ಶಿಕ್ಷೆಯಿಂದ ಬಿಡುತ್ತದೆ. ಇದನ್ನು ಬಾಗಿಲಲ್ಲೇ ಹೇಳಿದರೆ ನಿಜ ಬೇಗ ಹೊರಬರುತ್ತದೆ. ಮನೆಗೆ ಕಳಿಸುವಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಚೀಟಿಯಲ್ಲಿ ಬರೆದು ಕೊಡುತ್ತೇವೆ.

ಪೊಲೀಸರಿಗೆ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಕೇಸು) ಮಾಹಿತಿ ಹೋಗುವುದು ಹೋಗಲೇಬೇಕು. ಆದರೆ ನನ್ನ ಪ್ರಕಾರ ವಿಧಿವಿಜ್ಞಾನದ ಕೆಲಸ ಶುರುವಾಗುವುದು ಶವಾಗಾರದಲ್ಲಲ್ಲ, ರೋಗಿ ಬದುಕಿರುವಾಗಲೇ. ಅಡ್ಮಿಟ್ ಆದ ಕೂಡಲೇ ತೆಗೆದ ರಕ್ತ, ಹೊಟ್ಟೆ ತೊಳೆದಿದ್ದರೆ ಅದರ ಮೊದಲ ನೀರು, ಬಿಚ್ಚಿದ ಅಂಗಿ, ಎಲ್ಲಕ್ಕೂ ವೇಳೆ ಬರೆದು ಎತ್ತಿಡುತ್ತೇವೆ. ಯಾಕಂದರೆ ದಿನಗಟ್ಟಲೆ ಚಿಕಿತ್ಸೆ ಪಡೆದು ತೀರಿಕೊಂಡವರ ದೇಹದಲ್ಲಿ ಮೂಲ ವಿಷ ಒಡೆದು ಹೋಗಿರುತ್ತದೆ. ಆಗ ಪ್ರಯೋಗಾಲಯದಿಂದ "ವಿಷ ಪತ್ತೆಯಾಗಿಲ್ಲ" ಅಂತ ವರದಿ ಬರಬಹುದು. ಅದಕ್ಕೆ ವಿಷವೇ ಇರಲಿಲ್ಲ ಎಂಬ ಅರ್ಥವಿಲ್ಲ. ಕೋರ್ಟಿನಲ್ಲಿ ವಕೀಲರು ಹಿಡಿಯುವುದೇ ಇದನ್ನು. ಮೊದಲ ದಿನದ ಸ್ಯಾಂಪಲ್ ಇದ್ದರೆ, ಕೇಸ್ ಶೀಟಿನಲ್ಲಿ ಪಾಪೆ, ಬೆವರು, ಅಟ್ರೋಪಿನ್ ಲೆಕ್ಕ ಬರೆದಿದ್ದರೆ ಉತ್ತರ ಸುಲಭ.

ಮರಣೋತ್ತರ ಪರೀಕ್ಷೆಯಲ್ಲಿ ಜಠರ ಮತ್ತು ಅದರೊಳಗಿನದು, ಸಣ್ಣ ಕರುಳಿನ ಮೇಲಿನ ಸುಮಾರು 30 ಸೆಂಟಿಮೀಟರ್ ಒಂದು ಬಾಟಲಿಗೆ. ಲಿವರ್, ಕಿಡ್ನಿ ತುಂಡು ಇನ್ನೊಂದಕ್ಕೆ. ಹಾಕುವುದು ನಮ್ಮ ಅಡುಗೆ ಉಪ್ಪನ್ನೇ, ಇನ್ನು ಕರಗುವುದಿಲ್ಲ ಅನ್ನುವಷ್ಟು ಕದಡಿದ ನೀರು. ರಕ್ತಕ್ಕೆ ಮಾತ್ರ ಸೋಡಿಯಂ ಫ್ಲೋರೈಡ್. ಬಾಟಲಿ ಕಂಠಮಟ್ಟ ತುಂಬಿದರೆ ಗ್ಯಾಸ್ ಹುಟ್ಟಿ ಮುಚ್ಚಳ ಹಾರುತ್ತದೆ, ಮೇಲೆ ಜಾಗ ಬಿಡಬೇಕು. ಬಳಸಿದ ಉಪ್ಪುನೀರಿನ ಒಂದು ಬಾಟಲಿಯನ್ನೂ ಬೇರೆ ಕಳಿಸಬೇಕು, ವಿಷ ಅದರಿಂದ ಬಂದದ್ದಲ್ಲ ಅಂತ ತೋರಿಸಲು. ಅರಗಿನ ಮುದ್ರೆ, ಮುದ್ರೆಯ ಮಾದರಿ, ಸಹಿ ಆದ ಮೇಲೆ ಪೊಲೀಸರ ಕೈಗೆ. ಮುಂದೆ ಕಲಬುರಗಿಯಂಥ ಪ್ರಾದೇಶಿಕ ಪ್ರಯೋಗಾಲಯದಲ್ಲಿ ಕ್ರೊಮಟೋಗ್ರಫಿ ಯಂತ್ರ ಅದನ್ನು ಬೇರ್ಪಡಿಸಿ ನೋಡುತ್ತದೆ. ವರದಿ ಬರುವ ತನಕ ಸಾವಿನ ಕಾರಣವನ್ನು ನಾವು ಕಾಯ್ದಿರಿಸುತ್ತೇವೆ. ಪರಿಹಾರಕ್ಕೆ, ವಿಮೆಗೆ ಕಾಯುವ ಮನೆಯವರಿಗೆ ಈ ಸಮಯ ಬಹಳ ಉದ್ದ. ನನಗೆ ಈ ಕೆಲಸದಲ್ಲಿ ಹೆಚ್ಚು ಬೇಸರ ಇದೇ.

ಬದುಕಿ ಮನೆಗೆ ಹೋಗುವವರದ್ದು ಬೇರೆ ತಲೆಬಿಸಿ. ಕೆಂಪು ರಕ್ತಕಣದಲ್ಲಿನ ಕೋಲಿನ್‌ಎಸ್ಟರೇಸ್ ದಿನಕ್ಕೆ ಹೆಚ್ಚುಕಡಿಮೆ ಶೇ. 1ರಷ್ಟೇ ಚೇತರಿಸುತ್ತದೆ. ವಾರದಲ್ಲಿ ಮತ್ತೆ ಪಂಪು ಹೊತ್ತರೆ ಸ್ವಲ್ಪ ವಿಷವೇ ಸಾಕು ಕೆಡವಲು. ಹೇಳಿದರೆ "ಹುಳ ಕಾಯ್ತಾವೇನ್ರಿ ಸರ?" ಅನ್ನುತ್ತಾರೆ. ಅವರದ್ದೂ ನಿಜ ಅಲ್ವಾ? ಹೊಡೆಯುವ ಕೆಲಸವನ್ನಾದರೂ ಈ ಸಲ ಬೇರೆಯವರಿಗೆ ಬಿಡಿ ಅಂತ ಚೌಕಾಸಿ ಮಾಡುತ್ತೇನೆ.

ರಕ್ತದಲ್ಲಿ ಈ ಕಿಣ್ವ ಅಳೆಯುವ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಆರೋಗ್ಯವಂತರಲ್ಲೂ ಒಬ್ಬೊಬ್ಬರ ಮಟ್ಟ ಒಂದೊಂದು ಥರ. ರಕ್ತದ ಪ್ಲಾಸ್ಮಾದಲ್ಲಿ ಅಳೆದರೆ ಲಿವರ್ ತೊಂದರೆ, ಗರ್ಭ, ಅಪೌಷ್ಟಿಕತೆಗೂ ಅದು ಇಳಿಯುತ್ತದೆ. ಔಷಧಿ ಹೊಡೆಯುವ ಮೊದಲು ಎಷ್ಟಿತ್ತು ಅಂತ ಗೊತ್ತಿದ್ದರೆ ಮಾತ್ರ ಎಷ್ಟು ಇಳಿಯಿತು ಅನ್ನಬಹುದು. ಅದಕ್ಕೇ ಹತ್ತಿ ಹಂಗಾಮಿಗೆ ಮೊದಲೇ ಹತ್ತಿರದ ಕ್ಯಾಂಪುಗಳ ಕೂಲಿಗಳ ರಕ್ತ ತೆಗೆಯಲು ಶುರುಮಾಡಿದ್ದೇವೆ. ಸ್ಯಾಂಪಲ್ ಐಸಿನಲ್ಲೇ ಬರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಹಳೆಯ ಲಸಿಕೆ ಕ್ಯಾರಿಯರ್ ಒಂದನ್ನು ಇದಕ್ಕಂತಲೇ ಬಿಟ್ಟಿದ್ದೇವೆ.