ಗಿಡದ ಎಕ್ಸ್‌ಟ್ರಾಕ್ಟ್ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಾ? ಪುಣೆಗೆ ಪ್ರಾಜೆಕ್ಟ್‌ಗೆ ಬಂದವರಿಗೆ

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಪ್ರಾಜೆಕ್ಟ್ ಮಾಡಲು ಪುಣೆಗೆ ಬರುವ ನಮ್ಮ ಹುಡುಗ ಹುಡುಗಿಯರು ಎಂಟಿಟಿ ಪರೀಕ್ಷೆ (ಎಂಟಿಟಿ ಎಂಬ ಬಣ್ಣ ಹಾಕಿ ಎಷ್ಟು ಕೋಶ ಬದುಕಿವೆ ಎಂದು ನೋಡುವುದು) ಬೇಗ ಕಲಿಯುತ್ತಾರೆ. ಪರೀಕ್ಷೆ ಸುಲಭವೇ. ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಇಡುವ ಮಾದರಿ, ಸರಿಯಾಗಿ ಇಡದಿದ್ದರೆ ಮಾತ್ರ ಬಂದ ಉತ್ತರಕ್ಕೆ ಬೆಲೆಯಿಲ್ಲ. ಅದಕ್ಕೇ ಇಲ್ಲಿ ಕಂಟ್ರೋಲ್ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು ಗಿಡ. ಲಕ್ಷ್ಮಣ ಫಲದ ಎಲೆ ತಂದಿದ್ದೀರಿ ಅಂದುಕೊಳ್ಳಿ. ಅದನ್ನೇ ಹನುಮಾನ್ ಫಲ ಅನ್ನುವವರೂ ಇದ್ದಾರೆ, ಆ ಹೆಸರನ್ನು ಬೇರೆ ಹಣ್ಣಿಗೆ ಹೇಳುವವರೂ ಇದ್ದಾರೆ. ಹಾಗಾಗಿ ಹೂವು ಅಥವಾ ಕಾಯಿ ಇರುವ ಕೊಂಬೆಯನ್ನು ಬೊಟಾನಿಕಲ್ ಸರ್ವೇ ಆಫ್ ಇಂಡಿಯಾದ ಪುಣೆ ಕೇಂದ್ರಕ್ಕೋ ಆಘಾರಕರ್ ಸಂಶೋಧನಾ ಸಂಸ್ಥೆಗೋ ಕೊಟ್ಟು ಗುರುತು ಖಚಿತ ಮಾಡಿಸಿ. ಆಮೇಲೆ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ರೋಟರಿ ಇವ್ಯಾಪೊರೇಟರ್‌ನಲ್ಲಿ 40 ಡಿಗ್ರಿ ದಾಟದಂತೆ ಮೆಥನಾಲ್ ಆರಿಸಿ, ಉಳಿದ ಸಾರವನ್ನು (ಇದೇ ಎಕ್ಸ್‌ಟ್ರಾಕ್ಟ್) ಮೈನಸ್ 20ರಲ್ಲಿ ಇಡಿ.

ಕೋಶಗಳು ನಿಮಗೆ ಇದೇ ಊರಲ್ಲಿ ಸಿಗುತ್ತವೆ. ಗಣೇಶಖಿಂಡ್‌ನ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ಎನ್‌ಸಿಸಿಎಸ್‌ನಲ್ಲಿ ರಾಷ್ಟ್ರೀಯ ಕೋಶ ಭಂಡಾರವಿದೆ, ಗೈಡ್ ಮೂಲಕ ಕೇಳಿ. ಎಂಸಿಎಫ್-7 ಮತ್ತು ಎಂಡಿಎ-ಎಂಬಿ-231 ಎಂಬ ಎರಡೂ ಸ್ತನ ಕ್ಯಾನ್ಸರ್ ಕೋಶಗಳನ್ನು ತರಿಸಿ. ಮೊದಲನೆಯದಕ್ಕೆ ಈಸ್ಟ್ರೊಜೆನ್ ರಿಸೆಪ್ಟರ್ (ಆ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಇದೆ, ಎರಡನೆಯದು ಟ್ರಿಪಲ್ ನೆಗೆಟಿವ್, ಅಂದರೆ ಅದೂ ಸೇರಿ ಮೂರು ರಿಸೆಪ್ಟರ್ ಇಲ್ಲದ್ದು. ಎರಡರ ಮೇಲೂ ನೋಡಿದರೆ ತಾನೇ ಎಕ್ಸ್‌ಟ್ರಾಕ್ಟ್ ಎಲ್ಲಿ ಕೆಲಸ ಮಾಡುತ್ತಿದೆ ಎಂದು ಅಂದಾಜು ಸಿಗುವುದು! ಪಕ್ಕದ ಲ್ಯಾಬ್‌ನ ಫ್ಲಾಸ್ಕ್‌ನಿಂದ ಸುಮ್ನೆ ಒಂದಿಷ್ಟು ಇಸ್ಕೊಳ್ಳಬೇಡಿ. ಎಂಡಿಎ-ಎಂಬಿ-435 ಎಂಬ ಕೋಶವನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಅಂತಲೇ ಬಳಸಿದರು, ಕೊನೆಗೆ ಅದು ಚರ್ಮದ ಮೆಲನೋಮ ಎಂದು ಗೊತ್ತಾಯಿತು. ಕೋಶಗಳಲ್ಲಿ ಕಾಣದಂತೆ ಸೇರಿಕೊಳ್ಳುವ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ.

96 ಗುಳಿಯ ಪ್ಲೇಟ್‌ನಲ್ಲಿ ಒಂದೊಂದು ಗುಳಿಗೆ 5,000ದಿಂದ 10,000 ಕೋಶ. ಅಂಚಿನ ಗುಳಿಗಳು ಬೇಗ ಆರುತ್ತವೆ, ಅವಕ್ಕೆ ಬರೀ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ ಬಿಟ್ಟುಬಿಡಿ. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್‌ನಲ್ಲಿ ಒಂದು ದಿನ ಬಿಟ್ಟರೆ ಕೋಶಗಳು ತಳಕ್ಕೆ ಅಂಟಿಕೊಳ್ಳುತ್ತವೆ.

ಈಗ ಡೋಸ್. ಎಕ್ಸ್‌ಟ್ರಾಕ್ಟ್ ಕರಗುವುದು ದ್ರಾವಕವಾದ ಡಿಎಂಎಸ್‌ಒದಲ್ಲಿ, ಆದರೆ ಡಿಎಂಎಸ್‌ಒ ಜಾಸ್ತಿಯಾದರೆ ಅದೇ ಕೋಶಗಳನ್ನು ಕೊಲ್ಲುತ್ತೆ. ಒಂದು ಮಿಲಿ ಡಿಎಂಎಸ್‌ಒಗೆ 100 ಮಿಲಿಗ್ರಾಂ ಹಾಕಿ ಸ್ಟಾಕ್ ಮಾಡಿ, ಅದನ್ನು ಡಿಎಂಎಸ್‌ಒದಲ್ಲೇ ಅರ್ಧ ಅರ್ಧ ಮಾಡುತ್ತಾ ಹೋಗಿ, ಪ್ರತಿಯೊಂದರಿಂದ 1 ಮೈಕ್ರೋಲೀಟರ್ ತೆಗೆದು 1 ಮಿಲಿ ಮೀಡಿಯಂಗೆ (ಕೋಶ ಬೆಳೆಸುವ ದ್ರವ) ಹಾಕಿ. ಆಗ ಮಿಲಿಗೆ 100, 50, 25, 12.5, 6.25 ಮೈಕ್ರೋಗ್ರಾಂ ಡೋಸ್ ಸಿಗುತ್ತೆ, ಎಲ್ಲದರಲ್ಲೂ ಡಿಎಂಎಸ್‌ಒ ಸುಮಾರು 0.1% ಮಾತ್ರ ಇರುತ್ತೆ. ಅಷ್ಟೇ ಡಿಎಂಎಸ್‌ಒ ಇರುವ, ಎಕ್ಸ್‌ಟ್ರಾಕ್ಟ್ ಇಲ್ಲದ ಗುಳಿಗಳೇ ನಿಮ್ಮ 100%. ಪಾಸಿಟಿವ್ ಕಂಟ್ರೋಲ್‌ಗೆ ಕೋಶಗಳನ್ನು ಕೊಲ್ಲುತ್ತೆ ಎಂದು ಗೊತ್ತಿರುವ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್. ಪ್ರತಿ ಡೋಸ್‌ಗೆ ಮೂರು ಗುಳಿ, ಇಡೀ ಪ್ರಯೋಗ ಬೇರೆ ಬೇರೆ ದಿನ ಮೂರು ಸಲ.

48 ಗಂಟೆ ಆದ ಮೇಲೆ ಹಳೆಯ ಮೀಡಿಯಂ ತೆಗೆದು, ಪಿಬಿಎಸ್‌ನಿಂದ ಮೆತ್ತಗೆ ತೊಳೆದು, ಮಿಲಿಗೆ 0.5 ಮಿಲಿಗ್ರಾಂ ಎಂಟಿಟಿ ಇರುವ ಮೀಡಿಯಂ ಹಾಕಿ, ಮೂರ್ನಾಲ್ಕು ಗಂಟೆ ಕತ್ತಲಲ್ಲಿಡಿ. ಬದುಕಿರುವ ಕೋಶಗಳು ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುತ್ತವೆ, ಮೈಕ್ರೋಸ್ಕೋಪ್‌ನಲ್ಲಿ ಕೋಶಗಳ ಮೇಲೆಲ್ಲ ಸೂಜಿಯಂಥ ಹರಳು ಕಾಣುತ್ತೆ. ಅದನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೊಮೀಟರ್‌ನಲ್ಲಿ ರೀಡಿಂಗ್ ತೆಗೆಯಿರಿ.

ಗಿಡದ ವಿಷಯದಲ್ಲಿ ದೊಡ್ಡ ಮೋಸ ಆಗುವುದು ಇಲ್ಲೇ. ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕ ಇರುವ ಎಕ್ಸ್‌ಟ್ರಾಕ್ಟ್, ಒಂದು ಕೋಶವೂ ಇಲ್ಲದಿದ್ದರೂ ಎಂಟಿಟಿಯನ್ನು ತಾನೇ ನೇರಳೆ ಮಾಡುತ್ತೆ. ಆಗ ಸತ್ತ ಕೋಶಗಳೂ ಬದುಕಿದಂತೆ ಲೆಕ್ಕಕ್ಕೆ ಬರುತ್ತವೆ. ಎಲೆಯ ಹಸಿರು ಬಣ್ಣದಿಂದಲೂ ರೀಡಿಂಗ್ ಏರುತ್ತೆ. ಆದ್ದರಿಂದ ಪ್ರತಿ ಡೋಸ್‌ಗೂ ಕೋಶವಿಲ್ಲದ ಗುಳಿ ಇಟ್ಟು, ಮೀಡಿಯಂ, ಎಕ್ಸ್‌ಟ್ರಾಕ್ಟ್, ಎಂಟಿಟಿ ಮೂರನ್ನೂ ಹಾಕಿ ನೋಡಿ. ಅಲ್ಲೂ ನೇರಳೆ ಬಂದರೆ ಎಸ್‌ಆರ್‌ಬಿ ಪರೀಕ್ಷೆಗೆ ಹೋಗಿ, ಅದು ಅಳೆಯುವುದು ಕೋಶದ ಪ್ರೋಟೀನನ್ನು. ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕದ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್‌ನಲ್ಲಿ ಈ ಪರೀಕ್ಷೆ ಮಾಡಿಕೊಡುತ್ತಾರೆ.

ಕ್ರೂಡ್, ಅಂದರೆ ಶುದ್ಧೀಕರಿಸದ, ಎಕ್ಸ್‌ಟ್ರಾಕ್ಟ್‌ನ ಐಸಿ50 (ಬದುಕುವ ಕೋಶಗಳನ್ನು ಅರ್ಧಕ್ಕೆ ಇಳಿಸುವ ಡೋಸ್) ಮಿಲಿಗೆ 20-30 ಮೈಕ್ರೋಗ್ರಾಂ ಒಳಗಿದ್ದರೆ ಮಾತ್ರ ಗಂಭೀರವಾಗಿ ನೋಡುವುದು ವಾಡಿಕೆ. 300 ಬಂದರೆ ಅದನ್ನು 'ಉತ್ತಮ ಪರಿಣಾಮ' ಎಂದು ಬರೆಯಬೇಡಿ. ಎಂಸಿಎಫ್-10ಎ ಎಂಬ ಕ್ಯಾನ್ಸರ್ ಅಲ್ಲದ ಸ್ತನ ಕೋಶಗಳ ಮೇಲೂ ಅದೇ ಡೋಸ್ ಹಾಕಿ. ಅದರ ಮೀಡಿಯಂಗೆ ಇನ್ಸುಲಿನ್, ಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಎಲ್ಲ ಬೇಕು, ಖರ್ಚು ಜಾಸ್ತಿ, ಆದರೂ ಬಿಡಬೇಡಿ. ಕ್ಯಾನ್ಸರ್ ಕೋಶ, ಈ ಕೋಶ ಎರಡೂ ಒಂದೇ ಡೋಸ್‌ಗೆ ಸತ್ತರೆ ನಿಮ್ಮ ಕೈಯಲ್ಲಿರುವುದು ಬರೀ ವಿಷ ಅಲ್ವಾ?

ನಿಮ್ಮ ಕೆಲಸ ಗೊತ್ತಾದ ಕೂಡಲೇ ಊರಿಂದ ಫೋನ್ ಬರುತ್ತೆ, 'ಅತ್ತೆಗೆ ಆ ಎಲೆಯ ಕಷಾಯ ಕೊಡಬಹುದಾ?' ಅಂತ. ಬೇಡ ಎಂದು ನೇರವಾಗಿ ಹೇಳಿ. ಪ್ಲೇಟ್‌ನಲ್ಲಿ ಕೋಶ ಸತ್ತಿತೆಂದರೆ ರೋಗಿಗೆ ಗುಣವಾಗುತ್ತೆ ಎಂದಲ್ಲ. ಲಕ್ಷ್ಮಣ ಫಲದಲ್ಲಿರುವ ಅನೊನಾಸಿನ್ ನರಕೋಶಗಳಿಗೆ ಹಾನಿ ಮಾಡುತ್ತೆ, ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಕಂಡ ಒಂದು ಬಗೆಯ ಪಾರ್ಕಿನ್ಸನ್ ಕಾಯಿಲೆಗೂ ಈ ಹಣ್ಣು, ಎಲೆಯ ಕಷಾಯಕ್ಕೂ ಸಂಬಂಧವಿದೆ ಎಂದು ಸಂಶೋಧಕರು ಗುರುತಿಸಿದ್ದಾರೆ. ಅತ್ತೆ ಈಗಾಗಲೇ ಕುಡಿಯುತ್ತಿದ್ದರೆ ಕೀಮೋ ಕೊಡುವ ಡಾಕ್ಟರ್‌ಗೆ ಇವತ್ತೇ ತಿಳಿಸಲು ಹೇಳಿ.